ಬ್ಯಾಸ್ಕೆಟ್‌ಬಾಲ್ ಮುನ್ನೋಟವೂ ನನ್ನ ಹೊಟ್ಟೆಕಿಚ್ಚೂ

ಪತ್ರಿಕೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಯಾವ ಮಂತ್ರಿಯನ್ನು ಕಂಡಿದ್ದಿರಿ, ಯಾವ ಹಗರಣ ಬಯಲಿಗೆಳೆದಿರಿ ಎಂದು ಕೇಳುತ್ತಾರೆ. ನಾನು ಹೆಚ್ಚಾಗಿ ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್ ಬರೆದೆ ಎಂದರೆ ಅವರ ಮುಖ ಸಪ್ಪಗಾಗುತ್ತದೆ, ಕಾಫಿ ಕುಡಿದು ಎದ್ದುಹೋಗುತ್ತಾರೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸನ್ಮಾನ, ಶಾಲು, ಹಾರದ ವಿಷಯ ಇದರಲ್ಲಿಲ್ಲ, ಅವೆಲ್ಲ ಬೀರುವಿನಲ್ಲಿ ಭದ್ರವಾಗಿವೆ.

ನಾನು ನಂಜನಗೂಡಿನಲ್ಲಿ ಕೂತು ಮೂವತ್ತು ವರ್ಷ ಮೈಸೂರಿನ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸಿದವನು. ಬಾತ್ಮೀದಾರ ಎನ್ನುತ್ತಿದ್ದರು ಆಗ. ಪತ್ರಿಕೆಯವರು ಕೊಡುತ್ತಿದ್ದದ್ದು ಬೀಡಿ ಖರ್ಚಿಗೂ ಸಾಲದು, ಅದೃಷ್ಟಕ್ಕೆ ನಾನು ಬೀಡಿ ಸೇದುತ್ತಿರಲಿಲ್ಲ. ಅಂಗಡಿ ಬೀದಿಯ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇತ್ತು. ಹೊಟ್ಟೆಗೆ ಲಗ್ನಪತ್ರಿಕೆ, ಹೆಸರಿಗೆ ದಿನಪತ್ರಿಕೆ. ನಮ್ಮದು ಪುರೋಹಿತರ ಮನೆತನ, ತಾತ ಮಠದಲ್ಲಿ ಸಂಸ್ಕೃತ ಪಾಠ ಹೇಳಿದವರು. ಅಕ್ಷರ ಎಂದರೆ ನಮ್ಮ ಮನೆಯ ಆಸ್ತಿ ಎಂದು ನನಗೆ ಒಳಗೊಳಗೇ ಒಂದು ಜಂಬವಿತ್ತು. ಆ ಜಂಬವೇ ಮುಂದೆ ನನಗೆ ಮುಳುವಾಯಿತು.

ಆಗ ವರ್ಷಕ್ಕೊಮ್ಮೆ ಹುಡುಗರಿಗೂ ಹುಡುಗಿಯರಿಗೂ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತಿತ್ತು. ಒಂದೊಂದು ವರ್ಷ ಒಂದೊಂದು ಊರಿನಲ್ಲಿ. ಮಣ್ಣಿನ ಅಂಕಣ, ಸುಣ್ಣದ ಗೆರೆ, ರಿಂಗು ಹೊಡೆದ ಮರದ ಬೋರ್ಡು. ಪಂದ್ಯಾವಳಿಗೆ ನಾಲ್ಕು ದಿನ ಮುಂಚೆ ಪತ್ರಿಕೆಯಲ್ಲಿ ‘ಮುನ್ನೋಟ’ ಬರಬೇಕು: ಯಾವ ತಂಡ ಹೇಗಿದೆ, ಯಾರನ್ನು ಗಮನಿಸಬೇಕು, ಯಾರು ಗೆಲ್ಲಬಹುದು. ಆಡಿದ ಮೇಲೆ ವರದಿ ಬರೆಯುವುದು ಸುಲಭ, ಅಂಕಿ ನಿಮ್ಮ ಕೈಯಲ್ಲಿರುತ್ತದೆ. ಆಡುವ ಮುಂಚೆ ಬರೆಯುವವನಿಗೆ ಕಣ್ಣೇ ಗತಿ.

ನನಗೆ ಮೊದಲಿಗೆ ಆ ಕಣ್ಣೂ ಇರಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಎಲ್ಲರ ಬಾಯಲ್ಲೂ ಪಿ.ಡಿ. ಚನ್ನಬಸಪ್ಪನವರು, ಒಂದು ಪಟ್ಟಿ ಕೊಡುತ್ತಿದ್ದರು. ಹೆಸರು, ಎತ್ತರ, ಕಳೆದ ವರ್ಷದ ಸಾಧನೆ. ನಾನು ಅದಕ್ಕೆ ಚುರುಕಿನ, ಬಲಾಢ್ಯ, ಭರವಸೆಯ ಎಂಬ ವಿಶೇಷಣಗಳನ್ನು ಒಗ್ಗರಣೆ ಹಾಕಿ ಕಳಿಸುತ್ತಿದ್ದೆ. ಒಂದು ವರ್ಷ ಹಾಗೆಯೇ ಒಬ್ಬ ಹುಡುಗನ ಬಗ್ಗೆ ‘ಈ ಬಾರಿಯೂ ಮಿಂಚಲಿದ್ದಾನೆ’ ಎಂದು ಬರೆದೆ. ಪತ್ರಿಕೆ ಬಂದ ದಿನ ಮಧ್ಯಾಹ್ನ ಅವನ ಮಾವನವರು ಪ್ರೆಸ್ಸಿಗೆ ಬಂದರು. ಅಳಿಯ ಕಾಲೇಜು ಬಿಟ್ಟು ವರ್ಷವಾಯಿತು, ಚಿಕ್ಕಯ್ಯನಛತ್ರದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ, ಈಗ ಎಲ್ಲಿ ಮಿಂಚಬೇಕು ಎಂದು ಕೇಳಿದರು. ಅವನ ಲಗ್ನಪತ್ರಿಕೆ ಅಚ್ಚು ಹಾಕಿದ್ದವನೂ ನಾನೇ. ಅಂದಿನಿಂದ ಪಟ್ಟಿ ಬಿಟ್ಟು ಅಭ್ಯಾಸ ನೋಡಲು ಹೋಗತೊಡಗಿದೆ. ಎತ್ತರವನ್ನು ನಾನೇ ಟೇಪು ಹಿಡಿದು ಅಳೆದೆ. ಚನ್ನಬಸಪ್ಪನವರ ಪಟ್ಟಿಯಲ್ಲಿ ಆರಡಿ ಇದ್ದವರೆಲ್ಲ ನನ್ನ ಟೇಪಿನಲ್ಲಿ ಎರಡೆರಡು ಇಂಚು ಕುಳ್ಳಗಾದರು.

ಹೀಗೆ ಏಳೆಂಟು ವರ್ಷ ನಾನೇ ರಾಜ. ಆಮೇಲೆ ಶಿವಮಲ್ಲು ಬಂದ.

ಶಿವಮಲ್ಲು ಟಿ. ನರಸೀಪುರದವನು. ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದ. ತಂದೆಗೆ ಅರ್ಧ ಎಕರೆ ಗದ್ದೆ. ಇವನು ಪಿಯುಸಿವರೆಗೆ ಓದಿ, ಬ್ಯಾಸ್ಕೆಟ್‌ಬಾಲ್ ಆಡಿ, ಮಂಡಿ ಮುರಿದುಕೊಂಡು ಆಟ ಬಿಟ್ಟವನು. ನಮ್ಮದೇ ಪತ್ರಿಕೆಗೆ ನರಸೀಪುರದ ಬಾತ್ಮೀದಾರನಾಗಿ ಸೇರಿದಾಗ ಅವನಿಗೆ ಇಪ್ಪತ್ನಾಲ್ಕೋ ಇಪ್ಪತ್ತೈದೋ. ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಅವನು ಬರೆದು ಕಳಿಸಿದ ಹಾಳೆಯ ಮೂಲೆಯಲ್ಲೂ ಗ್ರೀಸಿನ ಗುರುತು ಇರುತ್ತಿತ್ತು ಎಂದು ಸುದ್ದಿ ತಿದ್ದುವ ಡೆಸ್ಕಿನಲ್ಲಿ ನಗುತ್ತಿದ್ದರು. ನಾನೂ ನಕ್ಕಿದ್ದೆ, ಅವನ ಮೊದಲ ಮುನ್ನೋಟ ಓದುವವರೆಗೆ.

ಮೈಸೂರಿನ ಒಂದು ಬಲವಾದ ಕಾಲೇಜು ತಂಡದ ಬಗ್ಗೆ ಅವನು ಬರೆದದ್ದು ಇಷ್ಟೇ: ‘ಈ ತಂಡದ ಐದು ಜನವೂ ಬಲಗೈಯವರು. ಐದು ಜನವೂ ಅಣ್ಣತಮ್ಮಂದಿರ ಹಾಗೆ ಒಂದೇ ಕಡೆ ವಾಲುತ್ತಾರೆ. ಇನ್ನೊಂದು ಕಡೆ ಬಾಗಿಲು ತೆಗೆದೇ ಇರುತ್ತದೆ, ಕಳ್ಳ ಬರಬೇಕಷ್ಟೆ.’ ಎದುರಾಳಿ ತಂಡದ ಹುಡುಗರು ಇದನ್ನು ಓದಿಕೊಂಡು ಹೋಗಿ ಆ ಬಾಗಿಲಲ್ಲೇ ನುಗ್ಗಿದರು, ಗೆದ್ದರು. ಸೋತ ಕಾಲೇಜಿನ ಕೋಚ್ ಮೈಸೂರಿನಿಂದ ನರಸೀಪುರಕ್ಕೇ ಬಂದು ಸೈಕಲ್ ಶಾಪಿನ ಮುಂದೆ ನಿಂತು ಜಗಳವಾಡಿದರಂತೆ.

ನನ್ನ ಮುನ್ನೋಟ ಓದಿದ ಕೋಚುಗಳು ಎಲ್ಲಿ ಸಿಕ್ಕರೂ ನಮಸ್ಕಾರ ಮಾಡುತ್ತಿದ್ದರು. ಅದುವರೆಗೆ ಅದನ್ನು ಗೌರವ ಎಂದುಕೊಂಡಿದ್ದೆ. ಯಾರೂ ಜಗಳಕ್ಕೆ ಬರುವಂಥದ್ದನ್ನು ನಾನು ಬರೆದೇ ಇಲ್ಲ ಎಂದು ಆವತ್ತು ಗೊತ್ತಾಯಿತು. ಆ ದಿನ ಊಟ ಸೇರಲಿಲ್ಲ. ಹೆಂಡತಿ ಹೊಟ್ಟೆ ಸರಿಯಿಲ್ಲವೇ ಎಂದಳು. ಹೊಟ್ಟೆಯಲ್ಲಿ ಏನು ಉರಿಯುತ್ತಿತ್ತು ಎಂದು ಅವಳಿಗೆ ಹೇಗೆ ಹೇಳಲಿ.

ಮೈಸೂರಿನ ಡೆಸ್ಕಿನಲ್ಲಿ ಕ್ರೀಡಾ ಪುಟ ನೋಡಿಕೊಳ್ಳುತ್ತಿದ್ದವರು ವೆಂಕೋಬರಾಯರು. ಕೆಂಪು ಪೆನ್ಸಿಲ್ಲಿನ ಮನುಷ್ಯ. ಹೊಗಳುವುದು ಅವರ ಜಾತಕದಲ್ಲೇ ಇರಲಿಲ್ಲ. ವಾರಕ್ಕೊಮ್ಮೆ ನಾನು ಆಫೀಸಿಗೆ ಹೋದಾಗ ನನ್ನ ಹಾಳೆಗಳನ್ನು ಹೇಗೆ ಹೊಡೆದಿದ್ದಾರೆ ಎಂದು ತೋರಿಸುತ್ತಿದ್ದರು. ಒಮ್ಮೆ ನನ್ನ ಮುನ್ನೋಟವನ್ನೂ ಶಿವಮಲ್ಲುವಿನ ಮುನ್ನೋಟವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಭೂಷಣ, ನೀವು ಬರೆದಿರೋದು ಪಂಚಾಂಗ. ಎಲ್ಲಾ ಸರಿಯಾಗಿದೆ, ಯಾರಿಗೂ ತೊಂದರೆ ಇಲ್ಲ. ಈ ಹುಡುಗ ಬರೆದಿರೋದು ಆಟ.”

ವ್ಯಾಕರಣದ ತಪ್ಪಿದೆಯಲ್ಲ ಸಾರ್, ಎಂದೆ. ಅದನ್ನು ತಿದ್ದುವುದಕ್ಕೆ ನನಗೆ ಸಂಬಳ ಕೊಡುತ್ತಾರೆ, ಬರಹದಲ್ಲಿ ಇಲ್ಲದ ಆಟವನ್ನು ತುಂಬುವುದಕ್ಕೆ ಯಾರಿಗೂ ಸಂಬಳ ಕೊಟ್ಟು ಪ್ರಯೋಜನವಿಲ್ಲ ಎಂದರು. ಕಿರಿಯರಿಗೆ ಒಂದು ಮಾತು: ಮೇಲಿನವರು ಬೈದರೆ ಸಹಿಸಿಕೊಳ್ಳಬಹುದು, ಪಕ್ಕದವನನ್ನು ಹೊಗಳಿದರೆ ಮೂರು ದಿನ ನಿದ್ದೆ ಬರುವುದಿಲ್ಲ.

ಅವನು ಹೇಗೆ ನೋಡುತ್ತಾನೆ ಎಂದು ತಿಳಿಯಲು ಒಮ್ಮೆ ಏನೋ ನೆಪ ಮಾಡಿಕೊಂಡು ನರಸೀಪುರಕ್ಕೆ ಹೋದೆ. ಅವನು ಮುಚ್ಚಿಡಲಿಲ್ಲ. ಶಾಪಿನ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಅಂಕಣ ಬರೆದಿದ್ದ. ಆಟಗಾರ ಎಲ್ಲಿಂದ ಎಸೆದ ಎಂಬುದನ್ನು ನೆನಪಿಟ್ಟುಕೊಂಡು ಬಂದು, ಬಿದ್ದ ಚೆಂಡಿಗೆ ಸೈಕಲ್ಲಿನ ಬೇರಿಂಗ್ ಗುಂಡು, ಬೀಳದ್ದಕ್ಕೆ ಸೋಡಾ ಬಾಟಲಿಯ ಮುಚ್ಚಳ ಇಡುತ್ತಿದ್ದ. ಹತ್ತು ದಿನ ಅಭ್ಯಾಸ ನೋಡಿದರೆ ನೆಲವೇ ಮಾತಾಡುತ್ತೆ ಸಾ, ಎಂದ. ಇನ್ನೊಂದು ಗುಟ್ಟನ್ನೂ ಹೇಳಿದ: ಪಕ್ಕದಲ್ಲಿ ಕೂರಬಾರದು, ಬೋರ್ಡಿನ ಹಿಂದೆ ಕೂರಬೇಕು. ಅಲ್ಲಿಂದ ಆಟಗಾರನ ಮುಖ ಕಾಣುತ್ತದೆ. ಹೆದರುವವನು ಯಾರು, ಹೆದರದವನು ಯಾರು ಎಂದು ಮುಖ ಹೇಳುತ್ತದೆ.

ಮನೆಗೆ ಬಂದು ನಾನೂ ಹಜಾರದಲ್ಲಿ ಅಂಕಣ ಬರೆದೆ. ಬೇರಿಂಗ್ ಇಲ್ಲದ್ದಕ್ಕೆ ಹುಣಸೆಬೀಜ ಇಟ್ಟೆ. ಬೆಳಿಗ್ಗೆ ಎದ್ದಾಗ ಹೆಂಡತಿ ಎಲ್ಲವನ್ನೂ ಗುಡಿಸಿ, ಅದರ ಮೇಲೆ ಚೆಂದದ ರಂಗೋಲಿಯನ್ನೂ ಹಾಕಿದ್ದಳು.

ಬೋರ್ಡಿನ ಹಿಂದೆ ಕೂರುವುದನ್ನು ಮಾತ್ರ ಬಿಡಲಿಲ್ಲ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದ ಕಥೆ ಇಲ್ಲಿಂದ ಶುರು. ಮೈಸೂರಿನ ಒಂದು ತಂಡದ ನಾಯಕನನ್ನು ಎರಡು ದಿನ ಬೋರ್ಡಿನ ಹಿಂದಿನಿಂದ ನೋಡಿ, ‘ಈತ ಯಾವಾಗಲೂ ತನ್ನ ಎಡಕ್ಕೇ ನುಗ್ಗುತ್ತಾನೆ, ಬಲಕ್ಕೆ ತಿರುಗಿದ್ದನ್ನು ಕಂಡವರಿಲ್ಲ’ ಎಂದು ಬಹಳ ಠೀವಿಯಿಂದ ಬರೆದೆ. ನಮ್ಮ ಚನ್ನಬಸಪ್ಪನವರು ಅದನ್ನು ನಂಬಿ ಅವನ ಎಡಕ್ಕೆ ಇಬ್ಬರನ್ನು ಕಾವಲು ನಿಲ್ಲಿಸಿದರು. ಅವನು ಸಂಜೆಯೆಲ್ಲ ಬಲಕ್ಕೆ ನುಗ್ಗಿದ. ಎದುರಿಗೆ ಕೂತು ನೋಡಿದವನಿಗೆ ಅವನ ಬಲ ಎಡವಾಗಿ ಕಾಣುತ್ತದೆ ಎಂಬ ಸಣ್ಣ ವಿಷಯ ಸಂಸ್ಕೃತ ಪಾಠದ ಮನೆತನದವನಿಗೆ ಹೊಳೆದಿರಲಿಲ್ಲ. ಚನ್ನಬಸಪ್ಪನವರು ಮರುದಿನ ಪ್ರೆಸ್ಸಿಗೆ ಬಂದರು. ಕೊನೆಗೂ ನನ್ನ ಬರಹ ಓದಿ ಒಬ್ಬರು ಜಗಳಕ್ಕೆ ಬಂದರಲ್ಲ ಎಂದು ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಶಿವಮಲ್ಲು ಇದನ್ನು ಯಾರ ಹತ್ತಿರವೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸಿಕ್ಕಾಗ, ಮೊದಲ ಸಲ ನನಗೂ ಹಾಗೇ ಆಗಿತ್ತು ಸಾ, ಆಮೇಲೆ ಎಡಬಲ ಮರೆಯದಂತೆ ಕೈಗೆ ದಾರ ಕಟ್ಟಿಕೊಂಡು ಕೂತಿದ್ದೆ ಎಂದ. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದು.

ಎಂಬತ್ತರ ದಶಕದ ನಡುವೆ ಆಟಕ್ಕೆ ಹೊಸ ನಿಯಮ ಬಂತು. ಅದುವರೆಗೆ ರಿಂಗಿನ ಕೆಳಗಿನಿಂದ ಹಾಕಲಿ, ಅರ್ಧ ಅಂಕಣದಿಂದ ಎಸೆಯಲಿ, ಬುಟ್ಟಿಗೆ ಬಿದ್ದರೆ ಎರಡೇ ಅಂಕ. ಈಗ ರಿಂಗಿನಿಂದ ಆರು ಮೀಟರಿಗೂ ಸ್ವಲ್ಪ ಹೆಚ್ಚು ದೂರದಲ್ಲಿ ಕಮಾನಿನಂತೆ ಒಂದು ಗೆರೆ. ಅದರ ಹೊರಗಿನಿಂದ ಹಾಕಿದರೆ ಮೂರು. ಆ ವರ್ಷ ಪಂದ್ಯಾವಳಿ ನಂಜನಗೂಡಿನಲ್ಲೇ. ಚನ್ನಬಸಪ್ಪನವರು ಹಗ್ಗ ಹಿಡಿದು ಸುಣ್ಣ ಚೆಲ್ಲಿ ಗೆರೆ ಹಾಕಿಸುವಾಗ, ಇಷ್ಟು ದೂರದಿಂದ ಯಾರಪ್ಪ ಹಾಕ್ತಾರೆ ಎಂದು ಗೊಣಗಿದರು. ನಾನೂ ಹೌದೆಂದು ತಲೆಯಾಡಿಸಿದೆ. ಹಾಕುವವಳೊಬ್ಬಳು ಹತ್ತು ಮಾರು ದೂರದಲ್ಲಿ ಬೆಂಚಿನ ಮೇಲೆ ಕೂತಿದ್ದಳು.

ಅವಳ ಹೆಸರು ನಂಜಮಣಿ. ಕವಲಂದೆಯವಳು. ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು, ಬಿ.ಎ. ಕೊನೆಯ ವರ್ಷ. ತಂದೆ ಕೂಲಿ ಮಾಡುವವರು. ಐದಡಿಗಿಂತ ಒಂದು ಇಂಚು ಹೆಚ್ಚಿದ್ದಳೇನೋ, ಅಷ್ಟೇ. ರಿಂಗಿನ ಕೆಳಗೆ ಹೋದರೆ ಉದ್ದನೆಯ ಹುಡುಗಿಯರು ಚೆಂಡನ್ನು ತಟ್ಟಿಬಿಡುತ್ತಾರೆ ಎಂದು ದೂರದಿಂದಲೇ ಎಸೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ನಾನು ಅವಳನ್ನು ಎರಡು ವರ್ಷ ನೋಡಿದ್ದೆ. ಹಿಂದಿನ ಮುನ್ನೋಟದಲ್ಲಿ ‘ದೂರದಿಂದ ಎಸೆಯುವ ಚಪಲ ಬಿಟ್ಟರೆ ಉಪಯುಕ್ತ ಆಟಗಾರ್ತಿ’ ಎಂದು ಬರೆದೂ ಇದ್ದೆ. ಅದನ್ನು ಓದಿಯೇ ಚನ್ನಬಸಪ್ಪನವರು ಅವಳನ್ನು ಬೆಂಚಿಗೆ ಕಳಿಸಿದ್ದು. ಹಿತ್ತಲ ಗಿಡ ಮದ್ದಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುತ್ತಿದ್ದದ್ದು ಇದೇ ಪಂದ್ಯಾವಳಿಯಲ್ಲಿ. ಮೈಸೂರಿನಿಂದ ಇಬ್ಬರು ಆಯ್ಕೆದಾರರು ಬರುತ್ತಿದ್ದರು, ಅದೂ ಸೆಮಿಫೈನಲ್ ದಿನ ಮಾತ್ರ. ಬಸ್ಸಿನಲ್ಲಿ ನಮ್ಮ ಮುನ್ನೋಟ ಓದಿಕೊಂಡು, ಹೆಸರುಗಳಿಗೆ ಗೆರೆ ಎಳೆದುಕೊಂಡು ಬರುತ್ತಿದ್ದರು. ಗೆರೆ ಎಳೆದವರನ್ನು ನೋಡುತ್ತಿದ್ದರು, ಮಿಕ್ಕವರನ್ನು ನೋಡುತ್ತಿರಲಿಲ್ಲ. ಪಿ.ಡಿ.ಗಳೂ ಅಷ್ಟೆ, ಪತ್ರಿಕೆ ಹೊಗಳಿದವರನ್ನು ಬೆಂಚಿನಲ್ಲಿ ಕೂರಿಸಲು ಹೆದರುತ್ತಿದ್ದರು. ವಿಶ್ವವಿದ್ಯಾಲಯಕ್ಕೆ ಆಡಿದ ಸರ್ಟಿಫಿಕೇಟ್ ಕೈಗೆ ಬಂದರೆ ಕ್ರೀಡಾ ಕೋಟಾದಲ್ಲಿ ಬ್ಯಾಂಕಿಗೋ ರೈಲ್ವೆಗೋ ಕರೆಯುತ್ತಿದ್ದರು. ನಂಜಮಣಿಯ ಮನೆಯಲ್ಲಿ ಡಿಗ್ರಿ ಮುಗಿಯುವುದರೊಳಗೆ ಕೆಲಸದ ದಾರಿ ಕಂಡರೆ ಸರಿ, ಇಲ್ಲದಿದ್ದರೆ ಮದುವೆ ಎಂದು ತೀರ್ಮಾನವಾಗಿತ್ತು. ಇದು ನನಗೆ ಗೊತ್ತಿತ್ತು. ಅವಳ ತಂದೆ ಒಮ್ಮೆ ಪ್ರೆಸ್ಸಿಗೆ ಬಂದು, ನಮ್ಮ ಮಗೀನ ಎಸ್ರು ಒಂದ್ಸಲ ಆಕಿ ಸಾ ಎಂದು ಕೇಳಿಕೊಂಡಿದ್ದರು. ನೋಡೋಣ ಎಂದಿದ್ದೆ.

ಪಂದ್ಯಾವಳಿಗೆ ಒಂದು ವಾರ ಮುಂಚೆ ನರಸೀಪುರದ ಹುಡುಗಿಯರ ತಂಡ ನಮ್ಮ ಕಾಲೇಜಿನ ಜೊತೆ ಅಭ್ಯಾಸ ಪಂದ್ಯ ಆಡಲು ಬಂತು. ಶಿವಮಲ್ಲುವೂ ಬಂದ. ಬೋರ್ಡಿನ ಹಿಂದೆ ಒಂದು ಕಾಲು ಚಾಚಿ ಕೂತ. ಕೊನೆಯಲ್ಲಿ ಹತ್ತು ನಿಮಿಷ ನಂಜಮಣಿ ಆಡಿದಳು. ಪಂದ್ಯ ಮುಗಿದ ಮೇಲೆ ಅವನು ನಮ್ಮ ಹುಡುಗಿಯರನ್ನು ಏನೋ ಕೇಳಿಕೊಂಡು ಬಂದು, ನನ್ನ ಪ್ರೆಸ್ಸಿನಲ್ಲೇ ಕೂತು ಎರಡು ಹಾಳೆ ಬರೆದ. ಒಂದು ಅವನ ಊರಿನ ತಂಡದ ಬಗ್ಗೆ. ಇನ್ನೊಂದು ಏನೆಂದು ನಾನು ಕೇಳಲಿಲ್ಲ.

ನಮ್ಮ ಪತ್ರಿಕೆಯಲ್ಲಿ ಒಂದು ಮರ್ಯಾದೆ ಇತ್ತು. ಒಬ್ಬ ಬಾತ್ಮೀದಾರ ಇನ್ನೊಬ್ಬನ ತಾಲ್ಲೂಕಿಗೆ ಬಂದು ಏನಾದರೂ ಬರೆದರೆ ನೇರವಾಗಿ ಕಳಿಸಕೂಡದು. ಅಲ್ಲಿನವನ ಕೈಗೆ ಕೊಡಬೇಕು, ಅವನು ತನ್ನ ಸುದ್ದಿಯ ಜೊತೆ ಒಂದೇ ಕವರಿನಲ್ಲಿ ಹಾಕಿ ಸಂಜೆ ಐದರ ಬಸ್ಸಿನ ಕಂಡಕ್ಟರ್‌ಗೆ ಒಪ್ಪಿಸಬೇಕು. ಯಾರೂ ಬರೆದಿಟ್ಟ ಕಾನೂನಲ್ಲ, ಹಳಬರು ನಡೆಸಿಕೊಂಡು ಬಂದದ್ದು. ಹೊಸಬರು ಎಷ್ಟೋ ಜನ ಇದನ್ನು ಗಾಳಿಗೆ ತೂರಿದ್ದರು. ಶಿವಮಲ್ಲು ಹಾಳೆಗಳನ್ನು ಮಡಚಿ ಎರಡೂ ಕೈಯಲ್ಲಿ ಕೊಟ್ಟ.

“ನಿಮ್ಮ ತಾಲ್ಲೂಕು ಸಾ. ನಿಮ್ಮ ಕೈಲೇ ಓಗ್ಲಿ.”

ಅವನು ನರಸೀಪುರದ ಬಸ್ಸು ಹತ್ತಿದ ಮೇಲೆ ನಾನು ಹಾಳೆ ಬಿಡಿಸಿದೆ. ಎರಡನೆಯ ಹಾಳೆ ನಂಜಮಣಿಯ ಬಗ್ಗೆ. ಆರೋ ಏಳೋ ವಾಕ್ಯ. ನಿಂತುಕೊಂಡೇ ಓದಿದೆ, ಆಮೇಲೆ ಕೂತು ಓದಿದೆ. ಅದರಲ್ಲಿ ಹೊಗಳುವ ವಿಶೇಷಣ ಒಂದೂ ಇರಲಿಲ್ಲ. ಎರಡು ವರ್ಷ ನನ್ನ ಕಣ್ಣ ಮುಂದೆ ಇದ್ದ ಹುಡುಗಿಯನ್ನು ಅವನು ಹತ್ತು ನಿಮಿಷದಲ್ಲಿ ನೋಡಿಬಿಟ್ಟಿದ್ದ. ನನ್ನ ಊರು, ನನ್ನ ಕಾಲೇಜು, ನನ್ನ ಬೆಂಚು. ಇದು ಅಚ್ಚಾದರೆ ರಾಯರು ಏನನ್ನುತ್ತಾರೆ, ಚನ್ನಬಸಪ್ಪ ಏನನ್ನುತ್ತಾರೆ ಎಂದು ನನಗೆ ಅಕ್ಷರಶಃ ಕೇಳಿಸಿತು. ಐದಕ್ಕೆ ಹತ್ತು ನಿಮಿಷವಿತ್ತು. ನನ್ನ ಸುದ್ದಿಯನ್ನೂ ಅವನ ಮೊದಲ ಹಾಳೆಯನ್ನೂ ಕವರಿಗೆ ಹಾಕಿದೆ. ಎರಡನೆಯದನ್ನು ಅಚ್ಚಿನ ಮೊಳೆ ಜೋಡಿಸುವ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ.

ಬೇಕೆಂದೇ ಮಾಡಿದೆ. ಗಡಿಬಿಡಿಯಲ್ಲಿ ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು.

ಮುನ್ನೋಟ ಅಚ್ಚಾಯಿತು. ನಮ್ಮ ತಂಡದ ಭಾಗ ಪೂರಾ ನನ್ನದು. ನಂಜಮಣಿ ‘ಮೀಸಲು ಆಟಗಾರ್ತಿಯರು’ ಎಂಬ ಸಾಲಿನಲ್ಲಿ ಮೂರನೆಯ ಹೆಸರಾಗಿ ಬಂದಿದ್ದಳು.

ಸೆಮಿಫೈನಲ್ ದಿನ ಆಯ್ಕೆದಾರರು ಪತ್ರಿಕೆಯನ್ನು ಉದ್ದಕ್ಕೆ ಮಡಚಿ ಕೈಯಲ್ಲಿ ಹಿಡಿದು ಬಂದರು. ನಾನು ಹೊಗಳಿದ ಐದು ಜನ ಆಡಿದರು. ಅರ್ಧ ಆಟದ ಹೊತ್ತಿಗೆ ಹದಿನೈದು ಅಂಕ ಹಿಂದೆ. ನಂಜಮಣಿ ಬೆಂಚಿನಲ್ಲಿ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಳು. ಕೊನೆಗೆ ಏಳು ನಿಮಿಷ ಉಳಿದಾಗ, ಸೋತ ಆಟ ಎಂದು ನೋಡುವವರು ಎದ್ದು ಹೋಗುತ್ತಿದ್ದಾಗ, ಚನ್ನಬಸಪ್ಪನವರು ಅವಳನ್ನು ಇಳಿಸಿದರು. ಆಯ್ಕೆದಾರರೂ ಎದ್ದಿದ್ದರು. ಆರು ಗಂಟೆಯ ಬಸ್ಸು ಹಿಡಿಯಬೇಕಿತ್ತು ಅವರಿಗೆ.

ಅವರು ಗೇಟು ದಾಟಿದ ಮೇಲೆ ಅವಳು ಗೆರೆಯ ಹೊರಗಿನಿಂದ ಮೊದಲನೆಯದನ್ನು ಹಾಕಿದಳು. ಎರಡನೆಯದು. ಮೂರನೆಯದು ರಿಂಗಿಗೆ ತಾಗದೆ ನೇರ ಒಳಗೆ ಬಿತ್ತು. ಶಿವಮಲ್ಲು ಬೋರ್ಡಿನ ಹಿಂದಿನಿಂದ ಎದ್ದ. ಯಾರದೋ ಸೈಕಲ್ ಎತ್ತಿಕೊಂಡು, ಮಂಡಿ ಬಾಗದ ಕಾಲನ್ನು ಇಳಿಬಿಟ್ಟು, ಒಂದೇ ಕಾಲಿನಲ್ಲಿ ತುಳಿಯುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋದ. ಆಯ್ಕೆದಾರರನ್ನು ವಾಪಸ್ಸು ಕರೆತರಲು. ನಾನು ನಿಂತಲ್ಲೇ ನಿಂತಿದ್ದೆ. ನಂಜಮಣಿ ಆರು ಸಲ ಎಸೆದಳು, ಐದು ಬಿದ್ದವು. ನಾವು ಒಂದು ಅಂಕದಿಂದ ಸೋತೆವು. ಅವನು ಬರಿಗೈಯಲ್ಲಿ ವಾಪಸ್ಸು ಬಂದಾಗ ಹುಡುಗಿಯರು ಚೀಲ ಕಟ್ಟುತ್ತಿದ್ದರು. ಬಸ್ಸು ಹೊರಟುಹೋಗಿತ್ತು.

ಅವನು ನನ್ನ ಪಕ್ಕ ಕಲ್ಲಿನ ಮೇಲೆ ಕೂತು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ.

“ಆ ಮಗೀನ ಬಗ್ಗೆ ಬರ್ದಿದ್ದೆ ಸಾ. ಡೆಸ್ಕ್‌ನೋರು ತೆಗ್ದಾಕವ್ರೆ. ನಾನು ಸರ್ಯಾಗ್ ಬರ್ದಿದ್ರೆ ಆಕ್ತಿದ್ರು. ನಂಗೆ ಬರೆಯಾಕ್ ಬರಕ್ಕಿಲ್ಲ ಕಣ್ರೀ.”

ನಿಜ ಹೇಳುವುದಕ್ಕೆ ಅದೊಂದು ಗಳಿಗೆ ಇತ್ತು, ಅದೂ ಹೋಯಿತು.

ಆ ವರ್ಷದ ನಂತರ ಶಿವಮಲ್ಲು ಮುನ್ನೋಟ ಬರೆಯಲಿಲ್ಲ. ಆರು ತಿಂಗಳಿಗೆ ಪತ್ರಿಕೆಯನ್ನೇ ಬಿಟ್ಟ. ಶಾಪು ನೋಡಿಕೊಳ್ಳಲು ಪುರುಸೊತ್ತಿಲ್ಲ ಎಂದು ರಾಯರಿಗೆ ಕಾರ್ಡು ಬರೆದನಂತೆ. ಜಿಲ್ಲೆಯ ಪಂದ್ಯಾವಳಿಯೆಲ್ಲ ನನ್ನ ಪಾಲಿಗೆ ಬಂತು. ಎಸ್‌ಟಿಡಿ ಬಂತು, ಫ್ಯಾಕ್ಸ್ ಬಂತು, ಕಂಡಕ್ಟರ್ ಕೈಗೆ ಕವರು ಕೊಡುವುದು ನಿಂತಿತು, ನನ್ನ ಮೊಳೆಗಳನ್ನು ತೂಕಕ್ಕೆ ಹಾಕಿದೆ. ಆ ಹಾಳೆಯನ್ನು ಮಾತ್ರ ಪೆಟ್ಟಿಗೆಯಿಂದ ತೆಗೆದು ಮನೆಗೆ ತಂದೆ. ನನ್ನ ಮುನ್ನೋಟಗಳು ಸುಧಾರಿಸಿದವು ಎಂದು ಜನ ಹೇಳುತ್ತಿದ್ದರು. ಸುಧಾರಿಸಿದ್ದು ನಿಜ, ಬರೆಯುವ ಮುಂಚೆ ಪ್ರತಿ ಸಲ ಅವನ ಆ ಹಾಳೆ ತೆಗೆದು ಓದಿಕೊಳ್ಳುತ್ತಿದ್ದೆ. ಕದ್ದ ಬೆಲ್ಲಕ್ಕೆ ರುಚಿ ಹೆಚ್ಚು ಎನ್ನುತ್ತಾರೆ. ನನಗೆ ಮಾತ್ರ ಓದಿದ ಪ್ರತಿ ಸಲವೂ ಎದೆ ಉರಿಯಿತು. ಅವನು ಬರೆಯುವುದನ್ನು ಬಿಟ್ಟಮೇಲೂ ನನ್ನ ಹೊಟ್ಟೆಕಿಚ್ಚು ನನ್ನನ್ನು ಬಿಡಲಿಲ್ಲ.

ಈ ಬರಹ ಇಲ್ಲಿಯವರೆಗೆ ಬಂದು ಎರಡು ತಿಂಗಳು ನಿಂತುಹೋಗಿತ್ತು. ಮುಂದೆ ಏನು ಬರೆದರೂ ಉಪದೇಶದಂತೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಪೆನ್ನು ಕೆಳಗಿಟ್ಟು ನರಸೀಪುರದ ಬಸ್ಸು ಹತ್ತಿದೆ.

ಶಿವಮಲ್ಲು ಈಗಲೂ ಶಾಪಿನಲ್ಲಿ ಕೂರುತ್ತಾನೆ. ಮಗ ಮೋಟಾರ್ ಬೈಕ್ ರಿಪೇರಿ ನೋಡಿಕೊಳ್ಳುತ್ತಾನೆ. ನನ್ನನ್ನು ಕಂಡು ಎದ್ದು ಸ್ಟೂಲು ಒರೆಸಿ ಕೂರಿಸಿದ, ಟೀ ತರಿಸಿದ. ನಾನು ಟೀ ಮುಟ್ಟದೆ ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಚಕ್ರದ ಕಡ್ಡಿ ನೆಟ್ಟಗೆ ಮಾಡುತ್ತಿದ್ದ. ಬೈಯುತ್ತಾನೆ ಎಂದು ಕಾದೆ. ಆ ಹಾಳೆಯಲ್ಲಿ ತಾನು ಏನು ಬರೆದಿದ್ದೆ ಎಂದು ಒಂದಕ್ಷರವೂ ನೆನಪಿಲ್ಲ ಎಂದ. ಆಮೇಲೆ ತಲೆಯೆತ್ತಿದ.

“ನನ್ತಾವ ಬಂದು ಯಾಕ್ ಏಳ್ತೀರಿ ಸಾ. ನಾನು ಬರ್ದಿದ್ದು ನನಗಲ್ಲ, ಆ ಮಗೀಗೆ. ಅಲ್ಲೋಗಿ ಏಳಿ.”

ನನ್ನ ಟೀ ಲೋಟವನ್ನು ಅವನೇ ಎತ್ತಿ ಒಳಗಿಟ್ಟ. ಹೊರಡು ಎಂದು ಹೇಳುವುದಕ್ಕೆ ಅವನಿಗೆ ಗೊತ್ತಿದ್ದ ರೀತಿ ಅದು.

ಮರುದಿನ ಕವಲಂದೆಗೆ ಹೋದೆ. ನಂಜಮಣಿ ಪಕ್ಕದ ಹಳ್ಳಿಗೇ ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಾಳೆ. ಅಂಗನವಾಡಿಯಲ್ಲಿ ಕೆಲಸ. ಮಕ್ಕಳೆಲ್ಲ ಊಟ ಮಾಡಿ ಚಾಪೆಯ ಮೇಲೆ ಮಲಗಿದ್ದವು. ನಾನು ಯಾರೆಂದು ಹೇಳಿದ ಕೂಡಲೇ ಗುರುತು ಹಿಡಿದು, ಪೇಪರ್ ಸಾ ಅಲ್ವಾ ಎಂದಳು. ಬಾಗಿಲ ಬಳಿ ಒಂದು ಸಣ್ಣ ಕುರ್ಚಿ ಹಾಕಿದಳು. ಇಬ್ಬರೂ ಮಕ್ಕಳಿಗೆ ಎಚ್ಚರವಾಗದಂತೆ ಮೆಲ್ಲಗೆ ಮಾತಾಡಿದೆವು.

ಶಿವಮಲ್ಲು ಅವಳ ಬಗ್ಗೆ ಬರೆದಿದ್ದನ್ನೂ ಆ ಹಾಳೆ ಅಚ್ಚಾಗದಂತೆ ತೆಗೆದಿಟ್ಟವನು ನಾನು ಎಂಬುದನ್ನೂ ಹೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ, ಆದರೂ ಹೇಳಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಡಿಸುತ್ತಿದ್ದಳು. ಆಯ್ಕೆಯಾಗದಿದ್ದರೂ ಬ್ಯಾಂಕಿನಿಂದ ಕರೆ ಬರುತ್ತದೆಂದು ಅಪ್ಪ ಒಂದು ವರ್ಷ ಪೋಸ್ಟ್‌ಮ್ಯಾನ್ ದಾರಿ ಕಾದರು ಎಂದಳು. ಕ್ಷಮಿಸು ಎಂಬ ಮಾತು ನನ್ನ ಬಾಯಲ್ಲಿತ್ತು, ಅವಳೇ ಮೊದಲು ಕೇಳಿದಳು.

“ಏನ್ ಬರ್ದಿದ್ರು ಸಾ ಅವ್ರು?”

ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ತೆಗೆಯಬೇಕಾಗಲಿಲ್ಲ. ಇಷ್ಟು ವರ್ಷದಲ್ಲಿ ಅದು ನನಗೆ ಬಾಯಿಪಾಠವಾಗಿತ್ತು.

‘ನಂಜನಗೂಡು ತಂಡದಲ್ಲಿ ಕವಲಂದೆಯ ನಂಜಮಣಿ ಎಂಬ ಹುಡುಗಿ ಇದ್ದಾಳೆ. ಬೆಂಚಿನ ಕೊನೆಯಲ್ಲಿ ಕೂರುತ್ತಾಳೆ. ಚೆಂಡು ಕೈಬಿಟ್ಟ ಮೇಲೆ ಅದು ಬಿತ್ತೋ ಇಲ್ಲವೋ ಎಂದು ಅವಳು ನೋಡುವುದಿಲ್ಲ, ಆಗಲೇ ಹಿಂದಕ್ಕೆ ಓಡಲು ತಿರುಗಿರುತ್ತಾಳೆ. ಬಿದ್ದಿರುತ್ತದೆ ಎಂದು ಅವಳಿಗೆ ಗೊತ್ತು. ನೋಡಬೇಕಾದವರು ನಾವು. ಈ ವರ್ಷ ಅಂಕಣಕ್ಕೆ ಹೊಸ ಗೆರೆ ಹಾಕಿದ್ದಾರೆ. ಗೆರೆ ಬರುವ ಎರಡು ವರ್ಷ ಮುಂಚೆಯೇ ಈ ಹುಡುಗಿ ಬಂದು ಅಲ್ಲಿ ನಿಂತಿದ್ದಳು.’

ಅವಳು ಹೊರಗೆ ನೋಡುತ್ತಿದ್ದಳು. ಒಂದು ಮಗು ಮಗ್ಗುಲು ಬದಲಾಯಿಸಿತು, ಅವಳು ಕೈಚಾಚಿ ಅದರ ಬೆನ್ನು ತಟ್ಟಿದಳು.

“ಇನ್ನೊಂದ್ಸಲ ಏಳಿ ಸಾ,” ಎಂದಳು.

ಇನ್ನೊಂದು ಸಲ ಹೇಳಿದೆ, ಒಂದಕ್ಷರ ಬಿಡದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಅಲ್ಲಿ ಕೂತು, ಅವಳ ಮುಖ ನೋಡುತ್ತ, ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಜೊತೆಗೇ ಅದೇ ಹಳೆಯ ಉರಿ ಎದ್ದಿತು: ಮೂವತ್ತು ವರ್ಷ ಬರೆದೆ, ನನ್ನ ಒಂದು ಸಾಲನ್ನೂ ಯಾರೂ ಹೀಗೆ ಎರಡನೇ ಸಲ ಕೇಳಲಿಲ್ಲ.